ಕಲ್ಲಿದ್ದಲಿನಿಂದ ಶುರುಮಾಡಿ: ಮೇರಿ ಸ್ಟೋಪ್ಸ್ ಬದುಕು-ಬರಹದ ಓದುಕೂಟ ನಡೆಸುವ ಬಗೆ

ಗರ್ಭನಿರೋಧದ ಬಗ್ಗೆ ಪುಸ್ತಕ ಬರೆದು ಕ್ಲಿನಿಕ್ ತೆರೆದ ಬ್ರಿಟನ್ನಿನ ಮೇರಿ ಸ್ಟೋಪ್ಸ್ ಅಂದ ಕೂಡಲೇ ‘ಓ, ಫ್ಯಾಮಿಲಿ ಪ್ಲಾನಿಂಗ್’ ಅನ್ನುವವರೇ ಹೆಚ್ಚು. ಹಾಗೆಂದೇ ಸಾರಿ ಕೂಟ ಕರೆದರೆ ಅರ್ಧ ಜನ ಬರುವುದಿಲ್ಲ. ಬಂದವರಲ್ಲಿ ಅರ್ಧ ಜನ ಸೆರಗು ಬಾಯಿಗೆ ಹಿಡಿದು, ಇಲ್ಲವೇ ಮೊಬೈಲ್ ನೋಡುತ್ತ ಕೂತು ಎದ್ದುಹೋಗುತ್ತಾರೆ. ಅದೇ ಒಂದು ಹಿಡಿ ಕಲ್ಲಿದ್ದಲನ್ನು ಮೇಜಿನ ಮೇಲಿಟ್ಟು ‘ಇದರೊಳಗೆ ಎಷ್ಟು ಬಗೆಯ ಕಪ್ಪು ಇದೆ ಎಣಿಸಿ’ ಅಂದರೆ ಎಲ್ಲರೂ ಬಗ್ಗುತ್ತಾರೆ. ಇದು ಬರೀ ಉಪಾಯವಲ್ಲ. ಗರ್ಭನಿರೋಧದ ಬಗ್ಗೆ ಒಂದಕ್ಷರ ಬರೆಯುವ ಮುಂಚೆ ಆಕೆ ಹದಿನೈದು ವರ್ಷ ಕಲ್ಲು, ಇದ್ದಲು, ಅಳಿದುಹೋದ ಗಿಡಗಳನ್ನೇ ನೋಡಿಕೊಂಡಿದ್ದವಳು. ಆ ಭಾಗ ಬಿಟ್ಟರೆ ಮುಂದಿನ ಅವಳ ಧೈರ್ಯವೂ ಅರ್ಥವಾಗುವುದಿಲ್ಲ, ಹಟವೂ ಅರ್ಥವಾಗುವುದಿಲ್ಲ.

ಕಲ್ಲಿದ್ದಲಿಗೆ ನಮ್ಮ ಕಡೆ ಬರವಿಲ್ಲ. ಶಕ್ತಿನಗರ, ಯರಮರಸ್, ಕುಡತಿನಿ ಮೂರೂ ಕಡೆ ಶಾಖೋತ್ಪನ್ನ ಸ್ಥಾವರಗಳಿವೆ, ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯಿದೆ. ಆದರೆ ಅಷ್ಟೂ ಹೊರಗಿನಿಂದ ಬಂದದ್ದು. ರಾಯಚೂರು, ಕೊಪ್ಪಳ, ಬಳ್ಳಾರಿಯ ನೆಲ ಗ್ರಾನೈಟ್, ನೈಸ್ ಎಂಬ ಪಟ್ಟೆ ಬಂಡೆ, ಸಂಡೂರು ಸಾಲಿನ ಕಬ್ಬಿಣದ ಅದಿರು, ಹಟ್ಟಿಯ ಚಿನ್ನದ ಶಿಲೆ. ಇವೆಲ್ಲ ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯವು. ಆಗ ನೆಲದ ಮೇಲೆ ಗಿಡವೇ ಇರಲಿಲ್ಲ. ಹಂಪಿಯ ಬಂಡೆಯಲ್ಲಿ ಎಲೆಯ ಅಚ್ಚು ಹುಡುಕಲು ಹುಡುಗರನ್ನು ಕಳಿಸಬೇಡಿ.

ತಯಾರಿ

ಮೂರು ಕೂಟ, ಒಂದೊಂದು ಎರಡು ಗಂಟೆ, ನಡುವೆ ಒಂದು ವಾರ. ಹದಿನೈದರಿಂದ ಇಪ್ಪತ್ತೈದು ಜನ, ಎಲ್ಲರೂ ಹದಿನೆಂಟು ದಾಟಿದವರು. ಮೂವತ್ತು ದಾಟಿದರೆ ಇದ್ದಲಿನ ತುಂಡು ಎಲ್ಲರ ಕೈಗೂ ಹೋಗುವುದಿಲ್ಲ. ಹತ್ತಕ್ಕಿಂತ ಕಡಿಮೆಯಾದರೆ ಕೊನೆಗೆ ಹೆಸರಿಲ್ಲದೆ ಬರೆದು ಹಾಕುವ ಪ್ರಶ್ನೆ ಚೀಟಿಯ ಗುಟ್ಟು ಉಳಿಯುವುದಿಲ್ಲ, ಅಕ್ಷರ ನೋಡಿಯೇ ಯಾರದ್ದೆಂದು ಗೊತ್ತಾಗುತ್ತದೆ. ಪಂಚಾಯ್ತಿಯ ಅರಿವು ಕೇಂದ್ರ, ಪದವಿ ಕಾಲೇಜಿನ ಕೊಠಡಿ, ಸ್ವಸಹಾಯ ಸಂಘ ಸೇರುವ ಜಾಗ, ಎಲ್ಲಾದರೂ ಸರಿ. ದೇವಸ್ಥಾನದ ಕಟ್ಟೆ, ಮಸೀದಿಯ ಮುಂದಿನ ಅಂಗಳ ಬೇಡ. ಆಕ್ಷೇಪ ಬರುತ್ತದೆಂದಲ್ಲ, ಹೋಗಿ ಬರುವವರ ಕಿವಿ ಅಲ್ಲಿ ತೆರೆದಿರುತ್ತದೆ.

ಕೂಲಿಗೆ ಹೋಗುವ ಹೆಂಗಸರು ಬರಬೇಕೆಂದರೆ ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ತಿಂಗಳುಗಳಲ್ಲಿ ಇಡಬೇಡಿ. ಅವರಿಗೆ ಒಂದು ದಿನ ಅಂದರೆ ಒಂದು ದಿನದ ಕೂಲಿ. ಅಮಾವಾಸ್ಯೆಗೆ ಹೊಲದ ಕೆಲಸ ಬಿಡುವ ಊರುಗಳಲ್ಲಿ ಅಂದೇ ಇಡಿ. ಏಪ್ರಿಲ್-ಮೇ ಬಿಸಿಲಲ್ಲಿ ಸಿಮೆಂಟ್ ಶೀಟಿನ ಕೊಠಡಿಯೊಳಗೆ ಮಧ್ಯಾಹ್ನ ಯಾರನ್ನೂ ಕೂರಿಸಬಾರದು.

ಮೊದಲ ಕೂಟಕ್ಕೆ ಗಂಡಸರು ಹೆಂಗಸರು ಕೂಡಿಯೇ ಬರಲಿ. ಎರಡು ಮತ್ತು ಮೂರನೆಯದು ಬೇರೆ ಬೇರೆಯಾಗಿರಬೇಕೋ ಕೂಡಿ ಇರಬೇಕೋ ಎಂಬುದನ್ನು ಮೊದಲ ಕೂಟದ ಕೊನೆಗೆ ಹೆಂಗಸರನ್ನೇ ಕೇಳಿ. ಸಭೆಯಲ್ಲಿ ಕೈ ಎತ್ತಿಸಿದರೆ ಪಕ್ಕದವಳನ್ನು ನೋಡಿ ಎತ್ತುತ್ತಾರೆ, ಹೊರಗೆ ಹೋಗುವಾಗ ಒಬ್ಬೊಬ್ಬರನ್ನೇ ಕೇಳಬೇಕು. ಗಂಡಸರನ್ನು ಪೂರ್ತಿ ಬಿಟ್ಟು ನಡೆಸುವುದು ಮಾತ್ರ ತಪ್ಪು. ಸ್ಟೋಪ್ಸ್‌ಳ ಮುಖ್ಯ ಪುಸ್ತಕ ‘ಮ್ಯಾರೀಡ್ ಲವ್’ ಬಹಳಷ್ಟು ಕಡೆ ಗಂಡಂದಿರನ್ನು ಕುರಿತೇ ಮಾತಾಡುತ್ತದೆ.

ಯಾವ ಪುಸ್ತಕ, ಎಷ್ಟು ಪುಟ

ಆಕೆ ಬರೆದದ್ದು ರಾಶಿ ಇದೆ: ಸಂಶೋಧನಾ ಪ್ರಬಂಧ, ಜಪಾನಿನ ದಿನಚರಿ, ನಾಟಕ, ಕವಿತೆ, ಕರಪತ್ರ. ಕೂಟಕ್ಕೆ ನಾಲ್ಕು ಸಾಕು. ಗಿಡಗಳ ಪಳೆಯುಳಿಕೆ ಕುರಿತು ಜನಸಾಮಾನ್ಯರಿಗೆಂದು ಬರೆದ ‘ಏನ್ಷಿಯಂಟ್ ಪ್ಲಾಂಟ್ಸ್’ (1910), ‘ಮ್ಯಾರೀಡ್ ಲವ್’ (1918), ಹದಿನಾರು ಪುಟದ ಕರಪತ್ರ ‘ಎ ಲೆಟರ್ ಟು ವರ್ಕಿಂಗ್ ಮದರ್ಸ್’ (1919), ‘ರೇಡಿಯಂಟ್ ಮದರ್‌ಹುಡ್’ (1920). ಕೊನೆಯದನ್ನು ಒಳ್ಳೆಯದೆಂದು ಆರಿಸುತ್ತಿಲ್ಲ, ಅವಳ ಕೆಟ್ಟ ವಿಚಾರಗಳು ಅಲ್ಲಿ ಬಟಾಬಯಲಾಗಿವೆ ಎಂದು ಆರಿಸುವುದು. ಆಕೆ ತೀರಿಕೊಂಡದ್ದು 1958ರ ಅಕ್ಟೋಬರ್ 2ರಂದು. ನಮ್ಮ ದೇಶದಲ್ಲಿ ಲೇಖಕರು ತೀರಿ 60 ವರ್ಷ ಕಳೆದರೆ ಹಕ್ಕುಸ್ವಾಮ್ಯ ಮುಗಿಯುತ್ತದೆ, ಹಾಗಾಗಿ 2019ರಿಂದ ಅವಳು ಬದುಕಿದ್ದಾಗ ಪ್ರಕಟಿಸಿದ ಪುಸ್ತಕಗಳನ್ನು ಇಲ್ಲಿ ಯಾರು ಬೇಕಾದರೂ ಅನುವಾದಿಸಿ ಹಂಚಬಹುದು. ಇಂಟರ್ನೆಟ್ ಆರ್ಕೈವ್‌ನಲ್ಲಿ, ಲಂಡನ್ನಿನ ವೆಲ್ಕಂ ಸಂಗ್ರಹದ ಜಾಲತಾಣದಲ್ಲಿ ಹಳೆಯ ಮುದ್ರಣಗಳು ಉಚಿತವಾಗಿ ಸಿಗುತ್ತವೆ. ಇಳಿಸಿಕೊಳ್ಳುವಾಗ ಮುದ್ರಣದ ವರ್ಷ ನೋಡಿ. ಒಂದೇ ಪುಸ್ತಕವನ್ನು ಆಕೆ ಮುದ್ರಣದಿಂದ ಮುದ್ರಣಕ್ಕೆ ತಿದ್ದುತ್ತ ಹೋದವಳು. ಬೇರೆ ಬೇರೆ ಮುದ್ರಣ ಹಿಡಿದು ಕೂತರೆ ‘ನನ್ನದರಲ್ಲಿ ಆ ಸಾಲೇ ಇಲ್ಲ’ ಎಂಬ ಜಗಳ ಗ್ಯಾರಂಟಿ.

ಒಂದು ಕೂಟಕ್ಕೆ ಕನ್ನಡದಲ್ಲಿ 600 ಪದಕ್ಕಿಂತ ಹೆಚ್ಚು ಓದಬೇಡಿ. ಗಟ್ಟಿಯಾಗಿ, ನಿಧಾನವಾಗಿ ಓದಿದರೆ ಆರೇಳು ನಿಮಿಷ. ಅದನ್ನು ಮೂರು ತುಂಡು ಮಾಡಿ ಮೂವರು ಓದಲಿ. ಬಳ್ಳಾರಿ, ರಾಯಚೂರು ಪೇಟೆಯಲ್ಲಾದರೆ ತೆಲುಗು, ದಖನಿ ಉರ್ದು ಬಲ್ಲ ಒಬ್ಬೊಬ್ಬರನ್ನು ಪಕ್ಕದಲ್ಲಿಟ್ಟುಕೊಳ್ಳಿ. ಮೈಯ ಬಗೆಗಿನ ಮಾತು ಮನೆಮಾತಿನಲ್ಲೇ ಬರುವುದು.

ಅನುವಾದದಲ್ಲಿ ಎಲ್ಲರೂ ಎಡವುವ ಜಾಗ ಎರಡು. ಮೊದಲನೆಯದು, ಅಂಗಗಳ ಹೆಸರು. ‘ಯೋನಿ’, ‘ಶಿಶ್ನ’ ಎಂದು ಬರೆದರೆ ಪಠ್ಯಪುಸ್ತಕವಾಗುತ್ತದೆ, ಆಡುಮಾತು ಬರೆದರೆ ಬೈಗುಳವಾಗುತ್ತದೆ. ಸಂಸ್ಕೃತದ ಪದವನ್ನೇ ಇಟ್ಟು, ಓದುವ ಮುಂಚೆ ಒಂದೇ ಸಲ ಅರ್ಥ ಹೇಳಿ ಮುಂದೆ ಹೋಗುವುದು ವಾಸಿ. ಆದರೆ ಸಾಧನಗಳಿಗೆ ಜನ ಬಳಸುವ ಪದವೇ ಇರಲಿ: ನಿರೋಧ್, ವಂಕಿ (ಕಾಪರ್-ಟಿ), ಆಪರೇಷನ್. ಎರಡನೆಯದು ಹೆಚ್ಚು ಅಪಾಯದ್ದು. ಯೂಜೆನಿಕ್ಸ್ ಎಂಬುದನ್ನು ನಮ್ಮ ನಿಘಂಟುಗಳು ‘ಸುಜನನ’ ಅನ್ನುತ್ತವೆ. ಆ ‘ಸು’ ಕೇಳಿದರೆ ಸುಪುತ್ರ, ಸುಪ್ರಸವ ಎಂಬಂತೆ ಹಿತವಾಗಿ ಕೇಳುತ್ತದೆ, ಅದರ ಹಲ್ಲು ಕಾಣುವುದೇ ಇಲ್ಲ. ಯಾರು ಹೆರಬೇಕು, ಯಾರು ಹೆರಬಾರದು ಎಂದು ಮೇಲಿನವರು ತೀರ್ಮಾನಿಸುವ ವಿಚಾರವದು. ‘ತಳಿಶುದ್ಧಿ ವಾದ’ ಎಂದೇ ಬರೆಯಿರಿ. ಹಾಗೆಯೇ ಅವಳು ‘ರೇಸ್’ ಎಂದ ಕಡೆ ‘ಸಮಾಜ’ ಎಂದು ಮೆತ್ತಗೆ ಮಾಡಬೇಡಿ, ‘ಜನಾಂಗ’ ಎಂದೇ ಇರಲಿ.

ಮೊದಲ ಕೂಟ: ನಾಲ್ಕು ಕಪ್ಪು

ಬೇಕಾದ್ದು: ಮುಷ್ಟಿ ಗಾತ್ರದ ಐದಾರು ಕಲ್ಲಿದ್ದಲ ತುಂಡು, ಒಂದೊಂದು 300ರಿಂದ 500 ಗ್ರಾಂ. ಹತ್ತು ಪಟ್ಟು ದೊಡ್ಡದಾಗಿ ತೋರುವ ಕೈಮಸೂರ ಎರಡು. ಟಾರ್ಚ್, ಸುತ್ತಿಗೆ, ಹಳೆಯ ಗೋಣಿತಟ್ಟು, ಕಣ್ಣಿಗೆ ಕನ್ನಡಕ, ಬಿಳಿ ಕಾಗದ, ಅಡುಗೆಮನೆಯ ತೂಕದ ಯಂತ್ರ, ಗೆರೆ ಹಾಕಿದ ಲೀಟರ್ ಜಾಡಿ. ಜೊತೆಗೆ ಬಳ್ಳಾರಿ ಜಾಲಿಯ ಇದ್ದಲು ಒಂದು ಹಿಡಿ, ಇಸ್ತ್ರಿ ಅಂಗಡಿಯಲ್ಲಿ ಸಿಗುತ್ತದೆ.

ಕಲ್ಲಿದ್ದಲನ್ನು ಇಟ್ಟಿಗೆ ಭಟ್ಟಿಯವರ ಹತ್ತಿರ, ಇಲ್ಲವೇ ಇದ್ದಲು ವ್ಯಾಪಾರಿಯ ಹತ್ತಿರ ಕೇಳಿ ತನ್ನಿ. ರೈಲು ಹಳಿ ಪಕ್ಕ ಬಿದ್ದದ್ದನ್ನು ಆರಿಸಿ ತರಲು ಹುಡುಗರನ್ನು ಕಳಿಸಬಾರದು. ಅದು ಕಳವಿನ ಲೆಕ್ಕಕ್ಕೆ ಬರುತ್ತದೆ, ಪ್ರಾಣಕ್ಕೂ ಅಪಾಯ. ಕಮ್ಮಾರ ಸಾಲೆಯಿಂದ ತಂದರೆ ಒಮ್ಮೆ ನೋಡಿಕೊಳ್ಳಿ: ಬೂದುಬಣ್ಣದ್ದಾಗಿ, ಸ್ಪಂಜಿನಂತೆ ತೂತು ತೂತಾಗಿದ್ದರೆ ಅದು ಕಲ್ಲಿದ್ದಲನ್ನು ಕಾಸಿ ಮಾಡಿದ ಕೋಕ್, ಈ ಕೆಲಸಕ್ಕೆ ಬಾರದು.

ಮೊದಲು ಒದ್ದೆ ಬಟ್ಟೆಯಿಂದ ಧೂಳು ಒರೆಸಿ ನೆರಳಲ್ಲಿ ಆರಿಸಿ. ಬಿಸಿಲಿಗಿಟ್ಟರೆ ಬಿರುಕು ಬಿಟ್ಟು ಪುಡಿಯಾಗುತ್ತದೆ. ತುಂಡನ್ನು ಗೋಣಿತಟ್ಟಿನಲ್ಲಿ ಸುತ್ತಿ ಒಂದೇ ಏಟು ಹಾಕಿ, ಹೊಸ ಮುಖ ಬೇಕು. ಹಳೆಯ ಮುಖವೆಲ್ಲ ಒಂದೇ ಮಂಕು ಕಪ್ಪಾಗಿ ಕಾಣುತ್ತದೆ. ‘ಏನೂ ಕಾಣ್ತಿಲ್ಲ’ ಎಂಬ ದೂರಿಗೆ ಹತ್ತರಲ್ಲಿ ಎಂಟು ಸಲ ಇದೇ ಕಾರಣ. ಇನ್ನೆರಡು ಸಲದ ಕಾರಣ, ತುಂಡನ್ನು ಪದರದ ಮೇಲಿನಿಂದ ನೋಡುವುದು. ರೊಟ್ಟಿ ಅಡುಕಿಯನ್ನು ಮೇಲಿನಿಂದ ನೋಡಿದರೆ ಒಂದೇ ರೊಟ್ಟಿ, ಪಕ್ಕದಿಂದ ನೋಡಿದರೆ ಎಣಿಸಬಹುದು. ಹಾಗೆ ಪದರಕ್ಕೆ ಅಡ್ಡವಾದ ಮುಖ ಹಿಡಿದು, ಟಾರ್ಚನ್ನು ನೇರವಾಗಿ ಬಿಡದೆ ಓರೆಯಾಗಿ ಬಿಟ್ಟು ತುಂಡನ್ನು ಮೆಲ್ಲಗೆ ತಿರುಗಿಸಿ.

ಗಾಜಿನಂತೆ ಫಳಕ್ಕನೆ ಹೊಳೆದು, ಒಡೆದಲ್ಲಿ ಚಿಪ್ಪಿನಂತೆ ಬಾಗಿದ ಮುಖ ತೋರುವ ಪಟ್ಟಿ ವಿಟ್ರೇನ್. ರೇಷ್ಮೆಯ ಹಾಗೆ ಮೆದು ಹೊಳಪು, ನವಿರು ಗೆರೆ ಇರುವುದು ಕ್ಲಾರೇನ್. ಹೊಳಪಿಲ್ಲದ, ಬೂದುಗಪ್ಪಿನ, ಗಟ್ಟಿಯಾದ, ತರಿತರಿಯಾದದ್ದು ಡ್ಯೂರೇನ್. ಮುಟ್ಟಿದರೆ ಬೆರಳು ಮಸಿಯಾಗಿ ನಾರುನಾರಾಗಿ ಪುಡಿಯಾಗುವುದು ಫ್ಯೂಸೇನ್. ಅಡ್ಡಪಟ್ಟಿಯ ಕಲ್ಲಿದ್ದಲಿನಲ್ಲಿ ಬರಿಗಣ್ಣಿಗೆ ಕಾಣುವ ಈ ನಾಲ್ಕನ್ನು ಬೇರ್ಪಡಿಸಿ ಹೆಸರಿಟ್ಟವಳು ಸ್ಟೋಪ್ಸ್, 1919ರಲ್ಲಿ. ಮೊದಲ ಮೂರು ಹೆಸರು ಲ್ಯಾಟಿನ್ನಿನ ಗಾಜು, ಹೊಳಪು, ಗಟ್ಟಿತನದಿಂದ ಬಂದವು, ನಾಲ್ಕನೆಯದು ಫ್ರೆಂಚಿನಲ್ಲಿ ಇದ್ದಲು. ಫ್ಯೂಸೇನ್ ಎಲ್ಲಕ್ಕಿಂತ ಸುಲಭವಾಗಿ ಸಿಗುತ್ತದೆ: ತುಂಡನ್ನು ಬಿಳಿ ಕಾಗದದ ಮೇಲೆ ಉಜ್ಜಿ, ಪೆನ್ಸಿಲಿನಂತೆ ಮಸಿ ಬಿಟ್ಟ ಜಾಗ ಅದು. ಪಕ್ಕದಲ್ಲಿ ಬಳ್ಳಾರಿ ಜಾಲಿಯ ಇದ್ದಲನ್ನೂ ಉಜ್ಜಿ, ಎರಡನ್ನೂ ಮಸೂರದಲ್ಲಿ ನೋಡಿ. ಮರದ ನಾರು ಎರಡರಲ್ಲೂ ಕಾಣುತ್ತದೆ. ಫ್ಯೂಸೇನ್ ಬಹುಪಾಲು ಅಂದಿನ ಕಾಡ್ಗಿಚ್ಚಿನ ಇದ್ದಲೇ. ಕನ್ನಡ ಇಡೀ ತುಂಡನ್ನು ‘ಕಲ್ಲು ಇದ್ದಲು’ ಅನ್ನುತ್ತದೆ. ಆ ಹೆಸರಿಗೆ ನಿಜವಾಗಿ ತಕ್ಕದ್ದು ಈ ನಾಲ್ಕರಲ್ಲಿ ಒಂದೇ.

ಡ್ಯೂರೇನ್ ಎಂದು ಕೈಗೆ ಬಂದದ್ದು ಒಮ್ಮೊಮ್ಮೆ ಬರೀ ಜೇಡಿಗಲ್ಲಾಗಿರುತ್ತದೆ. ನಮ್ಮ ದೇಶದ ಇದ್ದಲಿನಲ್ಲಿ ಬೂದಿಯ ಪಾಲು ಜಾಸ್ತಿ, ಕಲ್ಲೂ ಬೆರೆತಿರುತ್ತದೆ. ಪರೀಕ್ಷೆ ಸುಲಭ. ತುಂಡನ್ನು ತೂಗಿ, ಜಾಡಿಯಲ್ಲಿ ಅರ್ಧ ಲೀಟರ್ ನೀರಿಟ್ಟು ಮುಳುಗಿಸಿ, ನೀರು ಎಷ್ಟು ಮಿಲಿ ಏರಿತು ನೋಡಿ. 420 ಗ್ರಾಂ ತೂಕದ್ದು 290 ಮಿಲಿ ಏರಿಸಿದರೆ ಸಾಂದ್ರತೆ 1.45, ಒಳ್ಳೆಯ ಕಲ್ಲಿದ್ದಲು. 1.7ರವರೆಗೂ ಬೂದಿ ಹೆಚ್ಚಿರುವ ಕಲ್ಲಿದ್ದಲೇ. 2 ದಾಟಿದರೆ ಕಲ್ಲು. ಜಾಲಿಯ ಇದ್ದಲು ಮೊದಲಿಗೆ ತೇಲುತ್ತದೆ. ಹಿತ್ತಾಳೆಯಂತೆ ಮಿಂಚುವ ಚುಕ್ಕೆ ಕಂಡರೆ ಹಟ್ಟಿಯ ಕಡೆಯವರು ಚಿನ್ನ ಅಂತಾರೆ, ಅದು ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ. ಕೊಠಡಿಯೊಳಗೆ ಯಾವುದನ್ನೂ ಉರಿಸಿ ತೋರಿಸಬೇಡಿ. ಬಾಗಿಲು ಮುಚ್ಚಿದ ಜಾಗದಲ್ಲಿ ಇದ್ದಲಿನ ಹೊಗೆ ಪ್ರಾಣ ತೆಗೆಯುತ್ತದೆ.

‘ಇದನ್ನು ಬೇರ್ಪಡಿಸಿ ಏನು ಲಾಭ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಕೇಳದಿದ್ದರೆ ನೀವೇ ಕೇಳಿ. ಕಾಸಿದಾಗ ಮೆತ್ತಗಾಗಿ ಉಬ್ಬಿ ಅಂಟಿಕೊಂಡು ಕೋಕ್ ಆಗುವ ಗುಣ ಹೊಳೆಯುವ ಪಟ್ಟಿಗಳದ್ದು. ಫ್ಯೂಸೇನ್ ಎಷ್ಟು ಕಾಸಿದರೂ ಅಂಟುವುದಿಲ್ಲ. ತೋರಣಗಲ್ಲಿನ ಕುಲುಮೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲು ಬಹುಪಾಲು ಹಡಗಿನಲ್ಲಿ ಬರುವುದಕ್ಕೂ, ಶಕ್ತಿನಗರದ ಬಾಯ್ಲರಿಗೆ ತೆಲಂಗಾಣದ ಗೋದಾವರಿ ಕಣಿವೆಯ ಸಿಂಗರೇಣಿ ಗಣಿಗಳ ಇದ್ದಲು ಸಾಕಾಗುವುದಕ್ಕೂ ಈ ಭೇದ ಒಂದು ಕಾರಣ. ಸೂಕ್ಷ್ಮದರ್ಶಕದಲ್ಲಿ ಕಾಣುವ ಇನ್ನೂ ಸಣ್ಣ ಘಟಕಗಳಿಗೆ ‘ಮ್ಯಾಸರಲ್’ ಎಂಬ ಹೆಸರನ್ನೂ ಆಕೆಯೇ 1935ರಲ್ಲಿ ಕೊಟ್ಟಳು. ಕಲ್ಲಿದ್ದಲು ಪರೀಕ್ಷಿಸುವವರು ಇಂದಿಗೂ ಆ ಪದ ಬಳಸುತ್ತಾರೆ.

ಕೈ ತೊಳೆದು ಕೂತ ಮೇಲೆ ಬದುಕಿನ ಕಥೆ ಹೇಳಿ, ಇಪ್ಪತ್ತು ನಿಮಿಷ ಸಾಕು. 1880ರ ಅಕ್ಟೋಬರ್ 15ರಂದು ಎಡಿನ್‌ಬರೋದಲ್ಲಿ ಹುಟ್ಟಿದ್ದು. ತಾಯಿ ಷಾರ್ಲಟ್ ಶೇಕ್ಸ್‌ಪಿಯರ್ ವಿದ್ವಾಂಸೆ, ಹೆಂಗಸರ ಮತದ ಹಕ್ಕಿಗೆ ನಿಂತವಳು. ತಂದೆ ಹೆನ್ರಿ ಎಂಜಿನಿಯರ್, ಮನೆ ತುಂಬ ಪಳೆಯುಳಿಕೆ, ಕಲ್ಲಿನ ಆಯುಧ ಕೂಡಿಟ್ಟವನು. ಲಂಡನ್ನಿನಲ್ಲಿ 1902ರಲ್ಲಿ ಪದವಿ, ಮ್ಯೂನಿಕ್‌ನಲ್ಲಿ 1904ರಲ್ಲಿ ಪಿಎಚ್.ಡಿ., ಅದೇ ವರ್ಷ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗದಲ್ಲಿ ಪಾಠ ಮಾಡುವ ಮೊದಲ ಹೆಂಗಸು. 1907-08ರಲ್ಲಿ ರಾಯಲ್ ಸೊಸೈಟಿಯ ನೆರವಿನಿಂದ ಜಪಾನಿಗೆ ಹೋಗಿ ಹೊಕ್ಕೈಡೋದ ಗಣಿಗಳಲ್ಲಿ ಪಳೆಯುಳಿಕೆ ಹುಡುಕಿದಳು. ಕೆನಡಾದ ಸೇಂಟ್ ಜಾನ್ ಊರಿನ ‘ಫರ್ನ್ ಲೆಡ್ಜಸ್’ ಬಂಡೆಗಳ ವಯಸ್ಸಿನ ಬಗ್ಗೆ ಎದ್ದಿದ್ದ ಜಗಳವನ್ನು 1914ರಲ್ಲಿ ತೀರಿಸಿದಳು: ಅವು ಡೆವೋನಿಯನ್ ಎಂಬ ಯುಗದವಲ್ಲ, ಅದರ ನಂತರದ ಕಾರ್ಬೋನಿಫೆರಸ್ ಯುಗದವು.

ಇದರಲ್ಲಿ ನಮ್ಮವರ ಕಿವಿ ನಿಮಿರಿಸುವುದು ಕ್ಯಾಪ್ಟನ್ ಸ್ಕಾಟ್‌ನ ಪ್ರಸಂಗ. ದಕ್ಷಿಣ ಧ್ರುವದ ಯಾತ್ರಿಕ ಸ್ಕಾಟ್ ಮ್ಯಾಂಚೆಸ್ಟರಿಗೆ ಬಂದಾಗ ತನ್ನನ್ನೂ ಕರೆದುಕೊಂಡು ಹೋಗೆಂದು ಸ್ಟೋಪ್ಸ್ ಬೆನ್ನುಬಿದ್ದಳು. ಅವನು ಒಪ್ಪಲಿಲ್ಲ, ಪಳೆಯುಳಿಕೆ ತರುತ್ತೇನೆಂದ. 1912ರಲ್ಲಿ ಅವನ ತಂಡ ಹಿಮದಲ್ಲಿ ಸತ್ತು ಸಿಕ್ಕಾಗ ಗುಡಾರದ ಬಳಿ ಸುಮಾರು 16 ಕಿಲೋ ಕಲ್ಲುಗಳಿದ್ದವು, ಅವುಗಳಲ್ಲಿ ಗ್ಲೋಸಾಪ್ಟೆರಿಸ್ ಎಂಬ ನಾಲಗೆಯಾಕಾರದ ಎಲೆಯ ಅಚ್ಚು. ಇದೇ ಗ್ಲೋಸಾಪ್ಟೆರಿಸ್ ಕಾಡುಗಳು ಗೋದಾವರಿ ಕಣಿವೆಯ ಕಲ್ಲಿದ್ದಲಾದದ್ದು. ಅಂಟಾರ್ಕ್ಟಿಕಾ, ಭಾರತ, ಆಫ್ರಿಕಾ ಒಂದೇ ನೆಲವಾಗಿದ್ದ ಗೊಂಡ್ವಾನಾಕ್ಕೆ ಈ ಎಲೆ ದೊಡ್ಡ ಸಾಕ್ಷಿ. ಇಲ್ಲಿ ಒಂದು ತಪ್ಪು ಆಗಾಗ ಆಗುತ್ತದೆ: ಸ್ಟೋಪ್ಸ್ ಹೆಸರಿಟ್ಟದ್ದು ಬ್ರಿಟನ್ನಿನ ಇನ್ನೂ ಹಳೆಯ, ಬೇರೆ ಗಿಡಗಳಿಂದಾದ ಇದ್ದಲಿಗೆ, ಸಿಂಗರೇಣಿಯದ್ದಕ್ಕಲ್ಲ. ನಾಲ್ಕು ಹೆಸರು ನಮ್ಮದಕ್ಕೂ ಒಪ್ಪುತ್ತವೆ, ಆದರೆ ನಮ್ಮದರಲ್ಲಿ ಮಂಕು ಪಟ್ಟಿ ದಪ್ಪ, ಗಾಜಿನ ಪಟ್ಟಿ ಸಣ್ಣದು.

ಎರಡನೆಯ ಕೂಟ: ಪುಸ್ತಕ

1911ರಲ್ಲಿ ಆಕೆ ರೆಜಿನಾಲ್ಡ್ ರಗಲ್ಸ್ ಗೇಟ್ಸ್ ಎಂಬ ಸಸ್ಯವಿಜ್ಞಾನಿಯನ್ನು ಮದುವೆಯಾದಳು. ಆ ಮದುವೆ ದೇಹಸಂಬಂಧವೇ ಆಗಲಿಲ್ಲವೆಂಬ ಕಾರಣಕ್ಕೆ ನ್ಯಾಯಾಲಯದಲ್ಲಿ ರದ್ದಾಯಿತು. ವಿಜ್ಞಾನದಲ್ಲಿ ಎರಡು ಡಾಕ್ಟರೇಟ್ ಇದ್ದವಳಿಗೂ ತನ್ನ ಮದುವೆಯಲ್ಲಿ ಏನು ಕೊರತೆಯಾಗಿದೆಯೆಂದು ಗೊತ್ತಾಗಲು ಪುಸ್ತಕ ಹುಡುಕಬೇಕಾಯಿತು. ಆ ಅಜ್ಞಾನಕ್ಕೆ ತಾನು ತೆತ್ತ ಬೆಲೆ ಬೇರೆಯವರು ತೆರಬಾರದೆಂದು ಬರೆಯುತ್ತಿರುವುದಾಗಿ ‘ಮ್ಯಾರೀಡ್ ಲವ್’ ಮುನ್ನುಡಿಯಲ್ಲೇ ಹೇಳಿಕೊಂಡಿದ್ದಾಳೆ. ಮುದ್ರಣಕ್ಕೆ ಹಣ ಕೊಟ್ಟವನು ಹಂಫ್ರಿ ವೆರ್ಡನ್ ರೋ, ವಿಮಾನ ಕಂಪನಿಯ ಸ್ಥಾಪಕರಲ್ಲೊಬ್ಬ, ಆಮೇಲೆ ಅವಳ ಎರಡನೆಯ ಗಂಡ. 1918ರ ಮಾರ್ಚಿನಲ್ಲಿ ಹೊರಬಂದು ಎರಡು ವಾರದಲ್ಲಿ 2,000 ಪ್ರತಿ ಹೋಯಿತು. ಅಮೆರಿಕದಲ್ಲಿ 1931ರವರೆಗೂ ನಿಷೇಧವಿತ್ತು.

ಓದಬೇಕಾದ ತುಂಡು: ಹೆಂಡತಿಗೂ ತನ್ನದೇ ಆಸೆ, ಅದಕ್ಕೊಂದು ತಿಂಗಳ ಏರಿಳಿತ ಉಂಟು, ಗಂಡನಾದವನು ಮದುವೆಯಾದೆನೆಂದು ಸುಮ್ಮನಾಗದೆ ಪ್ರತಿಸಲವೂ ಅವಳ ಮನಸ್ಸು ಕೇಳಬೇಕು ಎನ್ನುವ ಭಾಗ. ಇಡೀ ಪುಸ್ತಕದ ಜೀವ ಅಲ್ಲಿದೆ, ನೂರು ವರ್ಷವಾದರೂ ಹಳತಾಗಿಲ್ಲ. ಗರ್ಭನಿರೋಧದ ವಿಷಯ ಈ ಪುಸ್ತಕದಲ್ಲಿ ಕಮ್ಮಿ. ಅದಕ್ಕೆಂದೇ ಅದೇ ವರ್ಷ ‘ವೈಸ್ ಪೇರೆಂಟ್‌ಹುಡ್’ ಬರೆದಳು.

ಓದುವಾಗ ಪ್ರತಿ ಇಬ್ಬರಿಗೆ ಒಂದು ಪ್ರತಿ, ನಾಲ್ಕು ಬಣ್ಣದ ಪೆನ್ಸಿಲ್ ಕೊಡಿ. ಇದ್ದಲಿನ ಪಟ್ಟಿ ಗುರುತಿಸಿದಂತೆ ಸಾಲುಗಳನ್ನೂ ಗುರುತಿಸಲಿ: ಆಕೆ ತಾನೇ ನೋಡಿ, ಕೇಳಿ ಬರೆದದ್ದಕ್ಕೆ ಹಸಿರು. ತನ್ನ ಅಭಿಪ್ರಾಯಕ್ಕೆ ನೀಲಿ. ಇಂದಿನ ವೈದ್ಯಶಾಸ್ತ್ರ ಒಪ್ಪದ್ದಕ್ಕೆ ಕೆಂಪು. ಜನರನ್ನು ಮೇಲು-ಕೀಳು ತಳಿಯೆಂದು ಅಳೆಯುವ ಸಾಲಿಗೆ ಕಪ್ಪು. ಹಸಿರಿಗೂ ನೀಲಿಗೂ ಜಗಳ ಬರುತ್ತದೆ, ಬರಲಿ. ಒಂದೇ ಸಾಲಿಗೆ ಎರಡು ಬಣ್ಣ ಬಿದ್ದ ಜಾಗಗಳನ್ನು ಹಲಗೆಯ ಮೇಲೆ ಬರೆದಿಡಿ, ಮೂರನೆಯ ಕೂಟಕ್ಕೆ ಬೇಕು.

ಕೆಂಪು ಯಾವುದಕ್ಕೆ ಎಂದು ನಡೆಸುವವರಿಗೆ ಮೊದಲೇ ಗೊತ್ತಿರಬೇಕು. ವೀರ್ಯದಲ್ಲಿರುವ ಸತ್ವ ಹೆಂಗಸಿನ ಮೈಗೆ ಸೇರಿ ಪುಷ್ಟಿ ಕೊಡುತ್ತದೆಂದು ಆಕೆ ನಂಬಿದ್ದಳು, ಅದಕ್ಕೇ ಕಾಂಡೋಮನ್ನೂ ಹೊರಗೆ ತೆಗೆಯುವ ಪದ್ಧತಿಯನ್ನೂ ಒಪ್ಪುತ್ತಿರಲಿಲ್ಲ. ಇದು ತಪ್ಪು. ‘ಸುರಕ್ಷಿತ ದಿನ’ದ ವಿಷಯದಲ್ಲಿ ಆ ಕಾಲದ ಅನೇಕ ವೈದ್ಯರು ತಿಂಗಳ ನಡುಭಾಗವೇ ಸುರಕ್ಷಿತ ಎಂದುಕೊಂಡಿದ್ದರು, ನಿಜ ಅದಕ್ಕೆ ಪೂರ್ತಿ ಉಲ್ಟಾ. ಜಪಾನಿನ ಒಗಿನೋ, ಆಸ್ಟ್ರಿಯಾದ ಕ್ನಾಸ್ 1920ರ ದಶಕದಲ್ಲಿ ಲೆಕ್ಕ ಹಾಕಿದ ಮೇಲೆ ಗೊತ್ತಾಯಿತು. ಆ ಕಾಲದ ಪುಸ್ತಕ ಓದಿ ಯಾರೂ ದಿನ ಎಣಿಸಬಾರದು. ಆಕೆ ಹೇಳುತ್ತಿದ್ದ ಸಾಧನ ಗರ್ಭಕೊರಳಿಗೆ ಕೂರುವ ಸಣ್ಣ ರಬ್ಬರ್ ಟೋಪಿ, ಜೊತೆಗೆ ಕ್ವಿನೈನ್ ಬೆರೆಸಿದ ಜಿಡ್ಡಿನ ಗುಳಿಗೆ. ನಮ್ಮ ಸರ್ಕಾರಿ ಆಸ್ಪತ್ರೆಗಳು ಕೊಡುವ ಸಾಧನಗಳಲ್ಲಿ ಅಂಥ ಟೋಪಿ ಇಲ್ಲ. ಕ್ವಿನೈನ್ ಗುಳಿಗೆ ಮನೆಯಲ್ಲಿ ಮಾಡಿ ನೋಡುವ ವಸ್ತುವಲ್ಲ ಎಂದು ಬಿಡಿಸಿ ಹೇಳಿ, ಯಾರೋ ಒಬ್ಬರು ಕೇಳಿಯೇ ಕೇಳುತ್ತಾರೆ.

ಕರಪತ್ರದ ಕಥೆಯನ್ನು ಆಶಾ ಕಾರ್ಯಕರ್ತೆಯರಿದ್ದರೆ ಅವರ ಮುಂದೆ ಹೇಳಿ. ‘ಲೆಟರ್ ಟು ವರ್ಕಿಂಗ್ ಮದರ್ಸ್’ ಅನ್ನು ಲಂಡನ್ನಿನ ಬಡವರ ಕೇರಿಗಳಲ್ಲಿ ಮನೆಮನೆಗೆ ಹಂಚಿದಾಗ ಜನ ಹತ್ತಿರ ಸೇರಿಸಲಿಲ್ಲ. ಮೇಲಿನ ಕೇರಿಯವರು ‘ಕಮ್ಮಿ ಹೆರಿರಿ’ ಎಂದು ಕಾಗದ ತಂದರೆ ಅನುಮಾನ ಬರುವುದು ಸಹಜ. ಆದರೆ ಅಂಥ ತಾಯಂದಿರೇ ತಾವಾಗಿ ಅವಳಿಗೆ ಸಾವಿರಾರು ಪತ್ರ ಬರೆದರು, 1929ರಲ್ಲಿ ಆ ಪತ್ರಗಳನ್ನೇ ‘ಮದರ್ ಇಂಗ್ಲೆಂಡ್’ ಎಂದು ಪುಸ್ತಕ ಮಾಡಿದಳು.

ಮೂರನೆಯ ಕೂಟ: ಕ್ಲಿನಿಕ್ಕು, ಕೋರ್ಟು, ಕಪ್ಪು ಗೆರೆ

1921ರ ಮಾರ್ಚ್ 17ರಂದು ಉತ್ತರ ಲಂಡನ್ನಿನ ಹಾಲೊವೇಯಲ್ಲಿ ‘ಮದರ್ಸ್ ಕ್ಲಿನಿಕ್’ ಶುರುವಾಯಿತು. ಸಲಹೆ ಉಚಿತ, ಮದುವೆಯಾದವರಿಗೆ ಮಾತ್ರ. ನೋಡುವವರು ಸೂಲಗಿತ್ತಿ ತರಬೇತಿಯಾದ ನರ್ಸ್, ತೊಡಕಿದ್ದರೆ ವೈದ್ಯೆ. 1925ರಲ್ಲಿ ಮೊದಲ 5,000 ಜನರ ವರದಿ ಬಂತು. ಅದನ್ನು ಮುಂದಿಟ್ಟು ಒಂದೇ ಪ್ರಶ್ನೆ ಕೇಳಿಸಿ: ಮರಳಿ ಬಾರದ ಹೆಂಗಸರನ್ನು ಯಾವ ಲೆಕ್ಕಕ್ಕೆ ಹಾಕಿದರು? ನಮ್ಮ ಯಾವುದೇ ಶಿಬಿರದ ವರದಿ ಓದುವಾಗಲೂ ಈ ಪ್ರಶ್ನೆ ಕೈಯಲ್ಲಿರಲಿ.

ಕೋರ್ಟಿನ ಪ್ರಸಂಗವನ್ನು ಆಟವಾಗಿ ಆಡಿಸಿ, ಇಪ್ಪತ್ತು ನಿಮಿಷ. ಹ್ಯಾಲಿಡೇ ಸದರ್‌ಲ್ಯಾಂಡ್ ಎಂಬ ಕ್ಯಾಥೊಲಿಕ್ ವೈದ್ಯ 1922ರ ಪುಸ್ತಕದಲ್ಲಿ, ಬಡ ಹೆಂಗಸರ ಮೇಲೆ ಪ್ರಯೋಗ ನಡೆದಿದೆ ಎಂಬರ್ಥದಲ್ಲಿ ಬರೆದ. ಸ್ಟೋಪ್ಸ್ ಮಾನನಷ್ಟ ಮೊಕದ್ದಮೆ ಹೂಡಿದಳು. 1923ರಲ್ಲಿ ಮೊದಲ ನ್ಯಾಯಾಲಯದಲ್ಲಿ ಅವನು ಗೆದ್ದ, ಮೇಲ್ಮನವಿಯಲ್ಲಿ ಅವಳು ಗೆದ್ದಳು, 1924ರಲ್ಲಿ ಆಗಿನ ಅತಿ ಮೇಲಿನ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಮತ್ತೆ ಅವನು. ಸೋತರೂ ಹೆಸರು ಮನೆಮನೆಗೆ ಹೋಯಿತು. ಇಬ್ಬರ ಪರವೂ ವಾದಿಸಲು ಜನ ಸಿಗಬೇಕು. ಸದರ್‌ಲ್ಯಾಂಡನನ್ನು ಬರೀ ಖಳನಾಯಕ ಮಾಡಿದರೆ ಆಟ ಕೆಡುತ್ತದೆ, ಯಾಕೆಂದರೆ ತಳಿಶುದ್ಧಿ ವಾದವನ್ನು ಆ ಕಾಲದಲ್ಲೇ ಗಟ್ಟಿಯಾಗಿ ವಿರೋಧಿಸಿದವರಲ್ಲಿ ಅವನೂ ಒಬ್ಬ.

ಇನ್ನು ಕಪ್ಪು ಗೆರೆ. ಕ್ಲಿನಿಕ್ಕಿನ ಬೆನ್ನಿಗೆ ಆಕೆ ಕಟ್ಟಿದ ಸಂಘದ ಹೆಸರಿನಲ್ಲೇ ‘ಜನಾಂಗದ ಪ್ರಗತಿ’ ಎಂಬ ಮಾತಿತ್ತು. ಅಯೋಗ್ಯರೆಂದು ತೀರ್ಮಾನವಾದವರಿಗೆ ಕಡ್ಡಾಯ ಸಂತಾನಹರಣ ಮಾಡಬೇಕೆಂದು ‘ರೇಡಿಯಂಟ್ ಮದರ್‌ಹುಡ್’ನಲ್ಲಿ ಬರೆದಳು. ಮಗ ಹ್ಯಾರಿ ಕನ್ನಡಕ ಹಾಕುವ ಹುಡುಗಿಯನ್ನು ಮದುವೆಯಾದಾಗ ದೃಷ್ಟಿದೋಷ ವಂಶಕ್ಕೆ ಬರುತ್ತದೆಂದು ವಿರೋಧಿಸಿದಳು. 1939ರಲ್ಲಿ ಹಿಟ್ಲರನಿಗೆ ತನ್ನ ಕವಿತೆಯ ಪುಸ್ತಕ ಕಳಿಸಿದ್ದೂ ಉಂಟು. ಇದನ್ನು ಯಾರಾದರೂ ಮೊಬೈಲಿನಲ್ಲಿ ಹುಡುಕಿ ಓದುವ ಮುಂಚೆ ನೀವೇ ಹೇಳಿಬಿಡಿ. ‘ಆ ಕಾಲದವರೆಲ್ಲ ಹಾಗೇ ಇದ್ದರು’ ಎಂಬ ಸಮಾಧಾನ ಬೇಡ, ಎಲ್ಲರೂ ಹಾಗಿರಲಿಲ್ಲ. 1975-77ರ ತುರ್ತುಪರಿಸ್ಥಿತಿಯಲ್ಲಿ ದೇಶದಲ್ಲಿ ಆಪರೇಷನ್ನಿಗೆ ಜನರನ್ನು ಬಲವಂತವಾಗಿ ಎಳೆದದ್ದು ನೆನಪಿರುವ ಹಿರಿಯರು ಕೂಟದಲ್ಲಿದ್ದರೆ ಹತ್ತು ನಿಮಿಷ ಅವರಿಗೆ ಬಿಡಿ, ನೀವು ಮಾತಾಡಬೇಡಿ. ಅಂಗವಿಕಲರ ಮನೆಯವರು ಕೂತಿದ್ದಾರೆಯೇ ಎಂದು ಮೊದಲೇ ನೋಡಿಕೊಂಡು, ಏನು ಓದಲಿದ್ದೀರೆಂದು ಅವರಿಗೆ ಮುಂಚಿನ ದಿನವೇ ತಿಳಿಸಿ.

ಮೂರು ಗೊಂದಲ ಈ ಕೂಟದಲ್ಲಿ ತಪ್ಪದೆ ಬರುತ್ತವೆ. ವಾರ್ಧಾದಲ್ಲಿ 1935ರ ಡಿಸೆಂಬರಿನಲ್ಲಿ ಗಾಂಧಿಯವರ ಜೊತೆ ವಾದಿಸಿದವಳು ಸ್ಟೋಪ್ಸ್ ಅಲ್ಲ, ಅಮೆರಿಕದ ಮಾರ್ಗರೆಟ್ ಸ್ಯಾಂಗರ್. ಇಬ್ಬರೂ 1915ರಲ್ಲಿ ಲಂಡನ್ನಿನಲ್ಲಿ ಭೇಟಿಯಾಗಿದ್ದರು, ಆಮೇಲೆ ಆಗಿಬರಲಿಲ್ಲ. ಎರಡನೆಯದು, ಅವಳ ಹೆಸರು ಹೊತ್ತಿದ್ದ ಸಂಸ್ಥೆ (ಮೇರಿ ಸ್ಟೋಪ್ಸ್ ಇಂಟರ್‌ನ್ಯಾಷನಲ್) ಗರ್ಭಪಾತದ ಸೇವೆಗೆ ಹೆಸರಾದದ್ದರಿಂದ ಅವಳೂ ಅದರ ಪರ ಎಂದುಕೊಳ್ಳುವುದು. ಆಕೆ ಬಹಿರಂಗವಾಗಿ ಅದಕ್ಕೆ ವಿರೋಧಿ, ಆ ಸಂಸ್ಥೆ ಹುಟ್ಟಿದ್ದು ಅವಳು ಸತ್ತ ಮೇಲೆ 1976ರಲ್ಲಿ, 2020ರಲ್ಲಿ ತಳಿಶುದ್ಧಿ ವಾದದ ಕಾರಣಕ್ಕೇ ಹೆಸರು ಬದಲಿಸಿಕೊಂಡಿತು. ಮೂರನೆಯದು ನಮ್ಮದೇ. ‘1930ರಲ್ಲೇ ನಮ್ಮ ಮೈಸೂರು ಸರ್ಕಾರ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದಿತ್ತು’ ಎಂದು ಭಾಷಣದವರು ಹೆಮ್ಮೆಯಿಂದ ಹೇಳುತ್ತಾರೆ. ಮೈಸೂರು ತೆರೆದದ್ದು ನಿಜ. ಆದರೆ ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ರಾಯಚೂರು ಕೊಪ್ಪಳ ನಿಜಾಮರ ರಾಜ್ಯದಲ್ಲಿದ್ದವು. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ, ರಾಯಚೂರು ಸೀಮೆ 1956ರಲ್ಲಿ. ಆ ಕ್ಲಿನಿಕ್ಕು ಈ ಭಾಗದ ಅಜ್ಜಿಯರದ್ದಾಗಿರಲಿಲ್ಲ.

ಕೊನೆಯ ಅರ್ಧ ಗಂಟೆ ನರ್ಸಮ್ಮನದ್ದು

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸನ್ನು ಎರಡು ವಾರ ಮುಂಚೆ ಕೇಳಿಕೊಳ್ಳಿ, ಸಾಧನಗಳ ಮಾದರಿಯನ್ನೂ ತರಲು ಹೇಳಿ. ಅವರು ಹೇಳಬೇಕಾದ್ದು ಇಷ್ಟಾದರೂ ಇರಲಿ: ಮಾಲಾ-ಎನ್ ಗುಳಿಗೆ ದಿನಕ್ಕೊಂದು. ಛಾಯಾ ಗುಳಿಗೆ ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಜನ ಎಡವುವುದು ಇಲ್ಲೇ, ನಾಲ್ಕನೆಯ ತಿಂಗಳಿಗೆ ಲೆಕ್ಕ ತಪ್ಪುತ್ತದೆ. ಅಂತರಾ ಇಂಜೆಕ್ಷನ್ ಮೂರು ತಿಂಗಳಿಗೊಮ್ಮೆ. ವಂಕಿಯಲ್ಲಿ 380ಎ ಹತ್ತು ವರ್ಷದ್ದು, 375 ಐದು ವರ್ಷದ್ದು, ಹಾಕಿದ ದಿನದ ಚೀಟಿ ಕಳೆಯಬಾರದು. ತುರ್ತು ಗುಳಿಗೆ 72 ಗಂಟೆಯೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಗಂಡಸರ ಆಪರೇಷನ್ನಿಗೆ ಹೊಲಿಗೆಯಿಲ್ಲ, ಆದರೆ ಮೂರು ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿದ ಮೇಲೇ ನೆಚ್ಚಬೇಕು. ಯಾರಿಗೆ ಯಾವುದು ಹೊಂದುತ್ತದೆಂಬುದು ಆರೋಗ್ಯ ಕೇಂದ್ರದಲ್ಲಿ ಒಬ್ಬೊಬ್ಬರನ್ನೇ ನೋಡಿ ಹೇಳುವ ಮಾತು, ಕೂಟದಲ್ಲಿ ಹಂಚುವುದಲ್ಲ.

ಪ್ರಶ್ನೆ ಚೀಟಿಗೆ ಒಂದೇ ಅಳತೆಯ ಕಾಗದ, ಒಂದೇ ಬಣ್ಣದ ಪೆನ್ನು. ಪ್ರಶ್ನೆ ಇಲ್ಲದವರೂ ಏನಾದರೂ ಒಂದು ಸಾಲು ಬರೆದೇ ಡಬ್ಬಿಗೆ ಹಾಕಬೇಕು, ಊರ ಜಾತ್ರೆಯ ದಿನ ಬರೆದರೂ ಸಾಕು. ಇಲ್ಲದಿದ್ದರೆ ಬರೆದವರು ಯಾರೆಂದು ಎಲ್ಲರಿಗೂ ಕಾಣುತ್ತದೆ. ಅಕ್ಷರ ಬಾರದವರ ಪ್ರಶ್ನೆಯನ್ನು ಚಹಾದ ಹೊತ್ತಲ್ಲಿ ಹೊರಗೆ ನರ್ಸಮ್ಮನೇ ಕೇಳಿಕೊಳ್ಳಲಿ. ಚೀಟಿಯನ್ನು ಅವರೊಬ್ಬರೇ ಬಿಡಿಸಿ ಓದಬೇಕು, ಫೋಟೊ ತೆಗೆಯುವಂತಿಲ್ಲ. ಮುಗಿದ ಮೇಲೆ ಎಲ್ಲರ ಮುಂದೆಯೇ ಹರಿದು, ಅಂಗಳದಲ್ಲಿ ಸುಟ್ಟುಬಿಡಿ. ಕಲ್ಲಿದ್ದಲ ತುಂಡುಗಳನ್ನು ಮಾತ್ರ ಕಾಗದದಲ್ಲಿ ಸುತ್ತಿ, ಮೇಲೆ ನಾಲ್ಕು ಹೆಸರು ಬರೆದು ಅರಿವು ಕೇಂದ್ರದ ಕಪಾಟಿನಲ್ಲಿಡಿ, ಮುಂದಿನ ಕೂಟಕ್ಕೆ ಬರುತ್ತವೆ.